ಒಲ್ಲೆನೆನ್ನುವ ಹಕ್ಕು, ಒಪ್ಪಿದೆನೆನ್ನುವ ಹಕ್ಕು

(ಪದವಿ ವಿದ್ಯಾರ್ಥಿಗಳು ಮತ್ತು ಅಧ್ಯಾಪಕರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಒಂದಕ್ಕೆ ಕೊಟ್ಟ ಉತ್ತರವನ್ನೂ ಇಲ್ಲಿ ಸೇರಿಸಿದೆ.)

ಸ್ನೇಹಿತರೇ,

2015ರ ಮೇ ತಿಂಗಳಿನಲ್ಲಿ ಮುಂಬೈಯ ಮಿಡ್-ಡೇ ಪತ್ರಿಕೆಯಲ್ಲಿ ಒಂದು ವೈವಾಹಿಕ ಜಾಹೀರಾತು ಬಂದಿತು. ಪದ್ಮಾ ಅಯ್ಯರ್ ಎಂಬ ತಾಯಿ ತಮ್ಮ ಮೂವತ್ತಾರು ವರ್ಷದ ಮಗ ಹರೀಶ್ ಅಯ್ಯರ್ ಅವರಿಗೆ ಸಂಬಂಧ ಹುಡುಕುತ್ತಿದ್ದರು. ವಯಸ್ಸು 25ರಿಂದ 40ರೊಳಗಿರಬೇಕು, ಒಳ್ಳೆಯ ಕೆಲಸದಲ್ಲಿರಬೇಕು, ಪ್ರಾಣಿಗಳೆಂದರೆ ಪ್ರೀತಿ ಇರಬೇಕು, ಸಸ್ಯಾಹಾರಿಯಾಗಿರಬೇಕು ಎಂದು ಪಟ್ಟಿ ಮಾಡಿ, ಇಂಥ ವರ ಬೇಕೆಂದು ಅವರು ಕೇಳಿದ್ದರು. ಸಲಿಂಗಿ ಮಗನಿಗಾಗಿ ತಾಯಿಯೇ ವರಾನ್ವೇಷಣೆಗೆ ಹೊರಟದ್ದು ದೇಶದಲ್ಲೆಲ್ಲ ಸುದ್ದಿಯಾಯಿತು. ಅದರಲ್ಲಿದ್ದ ಇನ್ನೊಂದು ಮಾತೂ ಅಷ್ಟೇ ಚರ್ಚೆಗೆ ಬಂದಿತು: ಜಾತಿಯ ಅಡ್ಡಿಯಿಲ್ಲ, ಆದರೆ ಅಯ್ಯರ್ ಆಗಿದ್ದರೆ ಲೇಸು. ಅದನ್ನು ತಮಾಷೆಯೆಂದು ಓದಿ ನಕ್ಕವರಿದ್ದರು. ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೆಯ ಕಲಂ ಇನ್ನೂ ಜಾರಿಯಲ್ಲಿದ್ದ ಕಾಲದಲ್ಲಿ ಅಷ್ಟು ಎತ್ತರದ ಬೇಲಿಯನ್ನು ಹಾರಿದವರು ಈ ಹಳೆಯ ಬೇಲಿಯ ಬಳಿ ಬಂದು ನಿಂತುಬಿಟ್ಟರಲ್ಲ ಎಂದು ಸಿಟ್ಟಾದವರೂ ಇದ್ದರು.

ಬರುವವನು ಗಂಡಸಾಗಿರಬೇಕು, ಸಸ್ಯಾಹಾರಿಯಾಗಿರಬೇಕು, ಅಯ್ಯರ್ ಆಗಿದ್ದರೆ ಲೇಸು. ಈ ಮೂರನ್ನೂ ನಾವು ಒಂದೇ ಉಸಿರಿನಲ್ಲಿ ‘ಅವರವರ ಇಷ್ಟ’ ಎಂದು ಕರೆದುಬಿಡುತ್ತೇವೆ. ಆದರೆ ಮೊದಲನೆಯದನ್ನು ಬದಲಾಯಿಸಿಕೋ ಎಂದು ಆ ಮಗನಿಗೆ ಹೇಳುವುದು ಕ್ರೌರ್ಯ, ಎರಡನೆಯದನ್ನು ಬದಲಾಯಿಸಿಕೋ ಎನ್ನುವುದು ಅಧಿಕಪ್ರಸಂಗ, ಮೂರನೆಯದನ್ನು ಬದಲಾಯಿಸಿಕೋ ಎಂದು ಹೇಳುವುದನ್ನು ಮಾತ್ರ ಹನ್ನೆರಡನೆಯ ಶತಮಾನದಿಂದ ಈಚೆಗೆ ಈ ನೆಲದ ಒಳ್ಳೆಯ ಮನಸ್ಸುಗಳೆಲ್ಲ ತಮ್ಮ ಕೆಲಸವೆಂದೇ ಭಾವಿಸಿವೆ. ಒಂದೇ ಜಾಹೀರಾತಿನೊಳಗಿನ ಮೂರು ಬೇಡಿಕೆಗಳನ್ನು ಹೀಗೆ ಮೂರು ರೀತಿಯಲ್ಲಿ ತೂಗುವುದಕ್ಕೆ ನಮಗೆ ಆಧಾರವೇನು ಎಂಬುದು ಇಂದಿನ ವಿಷಯದ ಅರ್ಧ ಭಾಗ.

ಉಳಿದ ಅರ್ಧ ಭಾಗ ಹೀಗಿದೆ. ಆ ಜಾಹೀರಾತಿಗೆ ಒಬ್ಬ ಟ್ರಾನ್ಸ್ ಪುರುಷ, ಅಂದರೆ ಹುಟ್ಟಿದಾಗ ಹೆಣ್ಣೆಂದು ದಾಖಲಾಗಿ, ತಾನು ಗಂಡೆಂದು ಅರಿತು, ಗಂಡಾಗಿಯೇ ಬದುಕುತ್ತಿರುವ ಒಬ್ಬರು ಉತ್ತರ ಬರೆದಿದ್ದರು ಎಂದುಕೊಳ್ಳಿ. ವಯಸ್ಸು ಸರಿಯಿದೆ, ಕೆಲಸವಿದೆ, ಮನೆಯಲ್ಲಿ ಎರಡು ನಾಯಿಗಳೂ ಇವೆ. ಅವರನ್ನು ಒಲ್ಲೆನೆಂದರೆ ಅದು ಮೊದಲನೆಯ ಬಗೆಯ ನಿರಾಕರಣೆಯೋ, ಮೂರನೆಯ ಬಗೆಯದ್ದೋ? ಅದು ಲೈಂಗಿಕ ಒಲವಿನ ಮಾತಾದರೆ ಯಾರೂ ಪ್ರಶ್ನಿಸುವಂತಿಲ್ಲ. ಜಾತಿಯಂಥ ಪೂರ್ವಗ್ರಹವಾದರೆ ಪ್ರಶ್ನಿಸದೆ ಇರುವಂತಿಲ್ಲ. ಜಗತ್ತಿನ ಹಲವೆಡೆ ಕೆಲವು ವರ್ಷಗಳಿಂದ ಬಿಸಿಬಿಸಿಯಾಗಿ ನಡೆಯುತ್ತಿರುವ ವಾಗ್ವಾದದ ತಿರುಳು ಇಷ್ಟೇ. ನಮ್ಮಲ್ಲಿ ಸುಪ್ರೀಂ ಕೋರ್ಟಿನ 2014ರ ನಾಲ್ಸಾ ತೀರ್ಪು ಲಿಂಗತ್ವ ಗುರುತಿನ ಬಗ್ಗೆ ಮಾತನಾಡಿತು, 2018ರ ನವತೇಜ್ ಸಿಂಗ್ ಜೋಹರ್ ತೀರ್ಪು ಲೈಂಗಿಕ ಒಲವಿನ ಬಗ್ಗೆ ಮಾತನಾಡಿತು. ಮೊದಲನೆಯದು ನಾನು ಯಾರು ಎಂಬ ಪ್ರಶ್ನೆ, ಎರಡನೆಯದು ನನ್ನ ಮನಸ್ಸು ಯಾರತ್ತ ಹರಿಯುತ್ತದೆ ಎಂಬುದು. ಇಬ್ಬರು ವ್ಯಕ್ತಿಗಳು ಒಂದು ಸಂಬಂಧದ ಹೊಸ್ತಿಲಲ್ಲಿ ಎದುರುಬದುರಾದಾಗ ಒಬ್ಬರ ‘ನಾನು ಯಾರು’ ಇನ್ನೊಬ್ಬರ ‘ನನಗೆ ಯಾರು’ ಎಂಬುದಕ್ಕೆ ಡಿಕ್ಕಿ ಹೊಡೆಯಬಹುದು ಎಂಬುದನ್ನು ಎರಡು ತೀರ್ಪುಗಳೂ ಮುಟ್ಟಿಲ್ಲ. ಮುಟ್ಟಬೇಕಾದ ಅಗತ್ಯ ನ್ಯಾಯಾಲಯಕ್ಕೆ ಇರಲಿಲ್ಲ.

ಈ ಡಿಕ್ಕಿ ಅತ್ಯಂತ ಜೋರಾಗಿ ಕೇಳಿಸಿದ್ದು ಬ್ರಿಟನ್ನಿನಲ್ಲಿ. 2021ರ ಅಕ್ಟೋಬರಿನಲ್ಲಿ ಬಿಬಿಸಿ ಒಂದು ವರದಿ ಪ್ರಕಟಿಸಿತು. ಟ್ರಾನ್ಸ್ ಮಹಿಳೆಯರನ್ನು ಸಂಗಾತಿಯಾಗಿ ಒಪ್ಪದಿದ್ದರೆ ಪೂರ್ವಗ್ರಹಿಗಳೆಂಬ ಹಣೆಪಟ್ಟಿ ಬೀಳುತ್ತದೆ, ಒಪ್ಪುವಂತೆ ಒತ್ತಡ ಬರುತ್ತದೆ ಎಂದು ಕೆಲವು ಲೆಸ್ಬಿಯನ್ ಮಹಿಳೆಯರು ಅದರಲ್ಲಿ ಹೇಳಿದ್ದರು. ವರದಿಯ ಬೆನ್ನಿಗೆ ಒಂದು ಸಮೀಕ್ಷೆಯಿತ್ತು: 80 ಮಹಿಳೆಯರಲ್ಲಿ ಶೇ. 56 ಮಂದಿ ಅಂಥ ಒತ್ತಡವನ್ನು ಅನುಭವಿಸಿದ್ದಾಗಿ ಹೇಳಿದ್ದರು. ಸಮೀಕ್ಷೆಯನ್ನು ನಡೆಸಿದ್ದು ಈ ವಿವಾದದಲ್ಲಿ ಒಂದು ಪಕ್ಷವನ್ನು ಹಿಡಿದ ಸಂಘಟನೆ, ಉತ್ತರಿಸಿದವರು ಸಾಮಾಜಿಕ ಜಾಲತಾಣದ ಮೂಲಕ ತಾವಾಗಿ ಬಂದವರು. ವರದಿಯ ವಿರುದ್ಧ ದೊಡ್ಡ ಪ್ರತಿಭಟನೆಯಾಯಿತು, ಬಿಬಿಸಿ ಆಮೇಲೆ ಶೀರ್ಷಿಕೆಯನ್ನು ಬದಲಿಸಿತು. ಸಂಖ್ಯಾಶಾಸ್ತ್ರ ಬಲ್ಲ ಯಾರೂ ಆ 56ನ್ನು ಎತ್ತಿಕೊಂಡು ಸಮಾಜದಲ್ಲಿ ಹೀಗಾಗುತ್ತಿದೆ ಎಂದು ಹೇಳಲಾರರು. ಆದರೆ ಒಬ್ಬ ಹೆಣ್ಣುಮಗಳಿಗೆ ಹಾಗಾಗಿದ್ದರೂ ಅದು ತಪ್ಪೇ, ತಪ್ಪೆಂದು ಹೇಳಲು ಶೇಕಡಾವಾರು ಬೇಕಾಗಿಲ್ಲ. ಸಮೀಕ್ಷೆ ದುರ್ಬಲವಾಗಿದೆ ಎಂಬ ಕಾರಣಕ್ಕೆ ದೂರು ಕೊಟ್ಟವರ ಬಾಯಿ ಮುಚ್ಚಿಸುವುದೂ, ದೂರು ಇದೆ ಎಂಬ ಕಾರಣಕ್ಕೆ ಇಡೀ ಟ್ರಾನ್ಸ್ ಸಮುದಾಯವನ್ನು ಆಪಾದಿತರ ಕಟಕಟೆಯಲ್ಲಿ ನಿಲ್ಲಿಸುವುದೂ ಒಂದೇ ಜಾತಿಯ ಸೋಮಾರಿತನ.

ನನ್ನ ನಿಲುವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಒಬ್ಬರು ಇನ್ನೊಬ್ಬರನ್ನು ಒಲ್ಲೆನೆಂದಾಗ ಆ ಒಲ್ಲೆಯನ್ನು ವಿಚಾರಣೆಗೆ ಒಳಪಡಿಸುವ ಅಧಿಕಾರ ಯಾರಿಗೂ ಇಲ್ಲ: ಎದುರಿಗಿರುವವರಿಗಿಲ್ಲ, ಕುಟುಂಬಕ್ಕಿಲ್ಲ, ಚಳವಳಿಗಿಲ್ಲ, ಸರ್ಕಾರಕ್ಕಿಲ್ಲ. ಅದಕ್ಕೆ ಕಾರಣ ಕೊಡಬೇಕಾಗಿಲ್ಲ. ಕೊಟ್ಟ ಕಾರಣ ಕೆಟ್ಟದ್ದಾಗಿದ್ದರೂ ಒಲ್ಲೆ ಎಂಬುದು ಒಲ್ಲೆಯಾಗಿಯೇ ಉಳಿಯುತ್ತದೆ. ಹೀಗೆ ಹೇಳುವಾಗ ನನ್ನ ಮನಸ್ಸಿನಲ್ಲಿರುವುದು ಬ್ರಿಟನ್ನಿನ ವಿವಾದವಲ್ಲ, ನಮ್ಮ ಮನೆಗಳು. ‘ಮದುವೆಯಾದರೆ ಎಲ್ಲ ಸರಿಹೋಗುತ್ತದೆ’ ಎಂಬ ಮಾತನ್ನು ಕೇಳದ ಗೇ ಅಥವಾ ಲೆಸ್ಬಿಯನ್ ವ್ಯಕ್ತಿ ಕರ್ನಾಟಕದಲ್ಲಿ ಇರಲಾರರು. ಆಕರ್ಷಣೆ ಅಭ್ಯಾಸದಿಂದ ಬರುತ್ತದೆ, ಒಂದು ಮಗುವಾದರೆ ಗಂಡಸು ದಾರಿಗೆ ಬರುತ್ತಾನೆ ಎಂಬ ನಂಬಿಕೆಯ ಮೇಲೆ ಎಷ್ಟೋ ಮದುವೆಗಳು ನಡೆದಿವೆ. 2014ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ಹೆಂಡತಿಯೊಬ್ಬರು ಮನೆಯಲ್ಲಿ ಗುಪ್ತ ಕ್ಯಾಮೆರಾ ಇಟ್ಟು, ಗಂಡ ಗಂಡಸರೊಂದಿಗೆ ಸಂಬಂಧ ಇಟ್ಟುಕೊಂಡಿರುವುದನ್ನು ಕಂಡು ದೂರು ಕೊಟ್ಟರು, ಪೊಲೀಸರು ಅವನನ್ನು 377ರ ಅಡಿಯಲ್ಲಿ ಬಂಧಿಸಿದರು. ಆ ಹೆಣ್ಣುಮಗಳಿಗಾದ ಮೋಸ ನಿಜವಾದದ್ದು. ಆದರೆ ಕಾನೂನು ಅವಳ ಕೈಗೆ ಕೊಟ್ಟ ಆಯುಧ ಮೋಸವನ್ನು ಶಿಕ್ಷಿಸುವಂಥದ್ದಲ್ಲ, ಒಲವನ್ನು ಶಿಕ್ಷಿಸುವಂಥದ್ದು. ಒಲ್ಲದ ಮದುವೆಯನ್ನು ಕೂಡಿಸುವವರ ಮೇಲೆ ನಮ್ಮಲ್ಲಿ ಸಾಮಾನ್ಯವಾಗಿ ಯಾವ ದೂರೂ ದಾಖಲಾಗುವುದಿಲ್ಲ.

ಆಕರ್ಷಣೆಯನ್ನು ತಿದ್ದಬಹುದು ಎಂಬ ಈ ನಂಬಿಕೆ ವೈದ್ಯರ ಕೊಠಡಿಯವರೆಗೂ ಹೋಗಿತ್ತು. ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಆನಂದ್ ವೆಂಕಟೇಶ್ ಅವರು 2021ರ ಜೂನಿನಲ್ಲಿ, ಮನೆಬಿಟ್ಟು ಬಂದ ಇಬ್ಬರು ಯುವತಿಯರ ಪ್ರಕರಣದಲ್ಲಿ, ಲೈಂಗಿಕ ಒಲವನ್ನು ‘ಗುಣಪಡಿಸುವ’ ಚಿಕಿತ್ಸೆಗಳನ್ನು ನಿಷೇಧಿಸುವಂತೆ ಸೂಚಿಸಿದರು. ಮರುವರ್ಷ ರಾಷ್ಟ್ರೀಯ ವೈದ್ಯಕೀಯ ಆಯೋಗವು ಅಂಥ ಚಿಕಿತ್ಸೆಯನ್ನು ವೃತ್ತಿದ್ರೋಹವೆಂದು ಸಾರಿತು. ಹೀಗಿರುವಾಗ ಒಬ್ಬ ಲೆಸ್ಬಿಯನ್ ಹುಡುಗಿಗೆ ‘ನಿನ್ನ ಆಕರ್ಷಣೆಯನ್ನು ಸ್ವಲ್ಪ ಪರಿಶೀಲಿಸಿಕೋ, ಪ್ರಯತ್ನಪಟ್ಟರೆ ಬದಲಾಗಬಹುದು’ ಎಂದು ಪ್ರಗತಿಪರ ಭಾಷೆಯಲ್ಲಿ ಹೇಳಿದರೂ ಅದು ‘ಮದುವೆಯಾದರೆ ಎಲ್ಲ ಸರಿಹೋಗುತ್ತದೆ’ ಎಂಬ ಆ ಹಳೆಯ ಮಾತಿನ ಹೊಸ ಆವೃತ್ತಿಯಾಗಿಯೇ ಅವಳ ಕಿವಿಗೆ ಬೀಳುತ್ತದೆ. ಬೀಳುವುದು ಸಹಜವೂ ಹೌದು.

ಆದರೆ ಒಲ್ಲೆ ಎಂಬುದು ವಿಚಾರಣೆಗೆ ಹೊರತಾದ ಮಾತ್ರಕ್ಕೆ, ಅದರ ಮೇಲೆ ಕಟ್ಟಿದ ಸಿದ್ಧಾಂತವೂ ಹೊರತಾಗುವುದಿಲ್ಲ. ‘ನನಗೆ ಬೇಡ’ ಎಂದು ಒಬ್ಬರು ಹೇಳಿದರೆ ಮಾತು ಅಲ್ಲಿಗೆ ಮುಗಿಯಿತು. ‘ಏಕೆಂದರೆ ಅವಳು ಹೆಂಗಸೇ ಅಲ್ಲ, ಹೆಂಗಸಿನ ವೇಷದಲ್ಲಿ ಮೋಸಮಾಡಲು ಬಂದವಳು’ ಎಂದು ಮುಂದುವರಿಸಿದರೆ, ಅವರು ತಮ್ಮ ಮನಸ್ಸಿನ ಅಂಗಳವನ್ನು ಬಿಟ್ಟು ರಸ್ತೆಗೆ ಬಂದಂತಾಯಿತು. ರಸ್ತೆಯ ಮೇಲಿನ ಮಾತಿಗೆ ಉತ್ತರ ಕೊಡುವ ಹಕ್ಕು ಎಲ್ಲರಿಗೂ ಇದೆ. ಈ ವಿವಾದದಲ್ಲಿ ಎರಡೂ ಕಡೆಯವರು ಈ ಗೆರೆಯನ್ನು ಅಳಿಸುತ್ತಲೇ ಇರುತ್ತಾರೆ. ಒಂದು ಕಡೆಯವರು ಕಾರಣ ಕೆಟ್ಟದ್ದೆಂದು ತೋರಿಸಿ ಒಲ್ಲೆಯನ್ನೇ ಕಸಿಯಲು ನೋಡುತ್ತಾರೆ. ಇನ್ನೊಂದು ಕಡೆಯವರು ಒಲ್ಲೆಯ ಪಾವಿತ್ರ್ಯವನ್ನು ತೋರಿಸಿ ಕೆಟ್ಟ ಕಾರಣಗಳಿಗೂ ರಕ್ಷಣೆ ಕೇಳುತ್ತಾರೆ.

ಕಾರಣಗಳನ್ನು ಪರಿಶೀಲಿಸುವುದಾದರೆ, ಲೈಂಗಿಕ ಒಲವು ನಿಜವಾಗಿ ಯಾವುದರ ಕಡೆಗೆ ಇರುತ್ತದೆ ಎಂಬುದನ್ನು ಮೊದಲು ಕೇಳಿಕೊಳ್ಳಬೇಕು. ಬ್ರಿಟನ್ನಿನ ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 16ರಂದು ಸ್ಕಾಟ್ಲೆಂಡಿನ ಮಹಿಳಾ ಸಂಘಟನೆಯೊಂದರ ಪ್ರಕರಣದಲ್ಲಿ, ಸಮಾನತಾ ಕಾಯ್ದೆಯಲ್ಲಿ ‘ಮಹಿಳೆ’ ಎಂದರೆ ಜೈವಿಕವಾಗಿ ಮಹಿಳೆ ಎಂದು ಐವರೂ ನ್ಯಾಯಮೂರ್ತಿಗಳು ಒಮ್ಮತದಿಂದ ತೀರ್ಮಾನಿಸಿದರು. ಅದರಲ್ಲಿ ಲೈಂಗಿಕ ಒಲವಿನ ಪ್ರಸ್ತಾಪವೂ ಬಂದಿತು. ಲಿಂಗತ್ವವನ್ನು ಮಾನ್ಯಮಾಡಿ ಸರ್ಕಾರ ಕೊಟ್ಟ ಪ್ರಮಾಣಪತ್ರ ಕೈಯಲ್ಲಿರುವವರ ಕಡೆಗೆ ಯಾರಿಗೂ ಒಲವು ಹುಟ್ಟುವುದಿಲ್ಲ ಎಂಬರ್ಥದ ಮಾತನ್ನು ನ್ಯಾಯಾಲಯ ಆಡಿತು. ತುಂಬಾ ಚುರುಕಾದ ಮಾತು, ಒಪ್ಪತಕ್ಕದ್ದು. ಆದರೆ ಅದು ಎರಡೂ ಕಡೆ ಕೊಯ್ಯುವ ಮಾತೂ ಹೌದು. ಜನನ ಪ್ರಮಾಣಪತ್ರದ ಕಡೆಗೂ ಯಾರಿಗೂ ಒಲವು ಹುಟ್ಟುವುದಿಲ್ಲ. ಗಡ್ಡ ಬಿಟ್ಟ, ಗಡಸು ದನಿಯ, ವರ್ಷಗಳಿಂದ ಗಂಡಸಾಗಿ ಬದುಕುತ್ತಿರುವ ಟ್ರಾನ್ಸ್ ಪುರುಷನನ್ನು ನೋಡಿ ಒಬ್ಬ ಲೆಸ್ಬಿಯನ್ ಮಹಿಳೆಗೆ, ಅವನ ಜನನ ದಾಖಲೆಯಲ್ಲಿ ‘ಹೆಣ್ಣು’ ಎಂದಿದೆ ಎಂಬ ಕಾರಣಕ್ಕೆ, ಮನಸ್ಸು ಅರಳುವುದಿಲ್ಲ. ಕಣ್ಣು ಮುಖವನ್ನು ನೋಡುತ್ತದೆ, ನಡಿಗೆಯನ್ನು ನೋಡುತ್ತದೆ, ಕಿವಿ ದನಿಯನ್ನು ಕೇಳುತ್ತದೆ. ಇವೆಲ್ಲ ಸೇರಿ ಹುಟ್ಟಿದ ಸೆಳೆತಕ್ಕೆ ಮುಂದೆ ದೇಹದ ವಿವರಗಳು ಮುಖ್ಯವಾಗುತ್ತವೆ. ಕೆಲವರಿಗೆ ಅದು ನಿರ್ಣಾಯಕ, ಕೆಲವರಿಗೆ ಅಷ್ಟೇನೂ ಅಲ್ಲ. ಜನನಾಂಗದ ವಿಷಯ ತನಗೆ ಮುಖ್ಯ ಎಂದು ಹೇಳುವವರನ್ನು ಸಣ್ಣವರೆಂದು ತಿಳಿಯುವುದು ಅನ್ಯಾಯ. ಕಾಮ ದೇಹದ ವ್ಯವಹಾರ.

ಇಲ್ಲಿ ನಮ್ಮ ವಾಗ್ಮಿಗಳು ಸಾಮಾನ್ಯವಾಗಿ ಜೇಡರ ದಾಸಿಮಯ್ಯನ ವಚನವನ್ನು ಎತ್ತಿಕೊಳ್ಳುತ್ತಾರೆ. ನಡುವೆ ಸುಳಿಯುವ ಆತ್ಮಕ್ಕೆ ಹೆಣ್ಣುಗಂಡಿನ ಭೇದವಿಲ್ಲ ಎಂಬ ಆ ಮಾತು ದೊಡ್ಡದು, ಆದರೆ ಈ ಸಂದರ್ಭಕ್ಕೆ ಸಲ್ಲುವುದಿಲ್ಲ. ಡೇಟಿಂಗ್ ಆ್ಯಪ್‌ನಲ್ಲಿ ಯಾರೂ ಆತ್ಮಕ್ಕಾಗಿ ಹುಡುಕುತ್ತಿಲ್ಲ.

ಹಾಗಾದರೆ ಟ್ರಾನ್ಸ್ ಸಂಗಾತಿಯನ್ನು ಒಲ್ಲೆ ಎನ್ನುವುದೆಲ್ಲ ಬರಿಯ ಒಲವಿನ ವಿಷಯವೇ? ಇದಕ್ಕೆ ಸಂಬಂಧಿಸಿದ ಒಂದು ಅಧ್ಯಯನವಿದೆ. ಕೆನಡಾದ ಸಂಶೋಧಕರಾದ ಕರೆನ್ ಬ್ಲೇರ್ ಮತ್ತು ರಿಯಾ ಆ್ಯಶ್ಲಿ ಹಾಸ್ಕಿನ್ 958 ಜನರನ್ನು, ನೀವು ಯಾರನ್ನು ಸಂಗಾತಿಯಾಗಿ ಪರಿಗಣಿಸಬಲ್ಲಿರಿ ಎಂದು ಕೇಳಿದರು. ಶೇ. 87.5 ಮಂದಿ ಟ್ರಾನ್ಸ್ ವ್ಯಕ್ತಿಗಳನ್ನು ಪೂರ್ತಿಯಾಗಿ ಹೊರಗಿಟ್ಟರು. ಈ ಒಂದು ಸಂಖ್ಯೆಯನ್ನೇ ಎಲ್ಲರೂ ಉಲ್ಲೇಖಿಸುತ್ತಾರೆ. ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಉಳಿದವರ ಉತ್ತರ. ಟ್ರಾನ್ಸ್ ಸಂಗಾತಿ ಆಗಬಹುದು ಎಂದವರಲ್ಲಿಯೂ ಟ್ರಾನ್ಸ್ ಪುರುಷರನ್ನು ಒಪ್ಪಿದವರು ಹೆಚ್ಚು, ಟ್ರಾನ್ಸ್ ಮಹಿಳೆಯರನ್ನು ಒಪ್ಪಿದವರು ಕಡಿಮೆ. ತಮ್ಮ ಒಲವಿಗೆ ತದ್ವಿರುದ್ಧವಾದಾಗಲೂ ಈ ಓರೆ ಕಾಣಿಸಿಕೊಂಡಿತು, ಅಂದರೆ ಟ್ರಾನ್ಸ್ ಪುರುಷನನ್ನು ಒಪ್ಪಿ ಟ್ರಾನ್ಸ್ ಮಹಿಳೆಯನ್ನು ಬಿಟ್ಟ ಲೆಸ್ಬಿಯನ್‌ಗಳು ಅಲ್ಲಿದ್ದರು. ಹುಟ್ಟಿನ ಲಿಂಗದ ಕಡೆಗೆ ಒಲವು ಎಂದು ಇದನ್ನು ವಿವರಿಸಬಹುದು. ಹೆಣ್ತನವನ್ನು ಆಯ್ದುಕೊಂಡವರ ಮೇಲೆ ಸಮಾಜಕ್ಕಿರುವ ವಿಶೇಷ ತಿರಸ್ಕಾರ ಎಂದೂ ವಿವರಿಸಬಹುದು. ಅಧ್ಯಯನಕಾರರು ಎರಡನೆಯ ಕಡೆ ವಾಲುತ್ತಾರೆ. ನನಗನ್ನಿಸುವಂತೆ ಎರಡೂ ಕೆಲಸ ಮಾಡುತ್ತಿರಬಹುದು. ಜೊತೆಗೆ, ಅಲ್ಲಿ ಉತ್ತರಿಸಿದವರ ಎದುರಿಗೆ ಯಾವ ವ್ಯಕ್ತಿಯೂ ಇರಲಿಲ್ಲ, ಇದ್ದದ್ದು ಒಂದು ಪದ. ಆ ಪದ ಕಿವಿಗೆ ಬಿದ್ದೊಡನೆ ತಲೆಯೊಳಗೆ ಎದ್ದ ಚಿತ್ರಕ್ಕೆ ಅವರು ಉತ್ತರಿಸಿದರು.

ಜಾತಿಯ ಹೋಲಿಕೆಗೆ ಈಗ ಬರಬಹುದು. ನಮ್ಮ ಪತ್ರಿಕೆಗಳ ಭಾನುವಾರದ ವಧುವರರ ಪುಟಗಳಲ್ಲಿ ‘ಜಾತಿ ಅಡ್ಡಿಯಿಲ್ಲ’ ಎಂಬುದರ ಪಕ್ಕದಲ್ಲಿಯೇ ‘ಎಸ್‌ಸಿ, ಎಸ್‌ಟಿ ಹೊರತುಪಡಿಸಿ’ ಎಂಬುದನ್ನು ಓದಿದವರಿಗೆ, ಇಷ್ಟ ಎಂಬುದು ಎಷ್ಟು ಮುಗ್ಧವಾದದ್ದು ಎಂದು ವಿವರಿಸಬೇಕಾಗಿಲ್ಲ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಪಶ್ಚಿಮ ಬಂಗಾಳದ ವೈವಾಹಿಕ ಜಾಹೀರಾತುಗಳನ್ನು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಜಾತಿಯ ಹೊರಗೆ ಹೋಗುವುದನ್ನು ತಪ್ಪಿಸಲು ಹೆಣ್ಣಿನ ಕಡೆಯವರು ಸ್ನಾತಕೋತ್ತರ ಪದವಿಗೂ ಓದೇ ಇಲ್ಲದಿರುವುದಕ್ಕೂ ನಡುವಿನ ಅಂತರವನ್ನೇ ಬಿಟ್ಟುಕೊಡಲು ಸಿದ್ಧರಿದ್ದರು. ಇದನ್ನು ಆಕರ್ಷಣೆ ಎನ್ನಲಾದೀತೇ? ಜಾತಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ದನಿಯಿಲ್ಲ. ಕಾಲೇಜಿನಲ್ಲಿ ಎರಡು ವರ್ಷ ಜೊತೆಗೆ ಓಡಾಡಿದ ಹುಡುಗನ ಬಗ್ಗೆ ಮೂಡಿದ ಪ್ರೀತಿ ಅವನ ಕೇರಿಯ ಹೆಸರು ಕೇಳಿದ ಮರುಗಳಿಗೆ ಆರಿಹೋದರೆ, ಆರಿಸಿದ್ದು ದೇಹವಲ್ಲ, ಹೊರಗಿನಿಂದ ಬಂದ ಒಂದು ಮಾಹಿತಿ.

ಟ್ರಾನ್ಸ್ ವ್ಯಕ್ತಿಯ ವಿಷಯದಲ್ಲಿ ಈ ಹೋಲಿಕೆ ಕೆಲವೊಮ್ಮೆ ಹೊಂದುತ್ತದೆ, ಕೆಲವೊಮ್ಮೆ ಹೊಂದುವುದಿಲ್ಲ. ನೋಡಿದಾಗಲೇ ಸೆಳೆತ ಹುಟ್ಟದಿದ್ದರೆ, ಅಥವಾ ದೇಹ ತನ್ನ ಒಲವಿಗೆ ಒಗ್ಗುವುದಿಲ್ಲ ಎಂದು ಅನ್ನಿಸಿದರೆ ಅಲ್ಲಿ ಜಾತಿಯ ಮಾತು ತರುವುದು ಸಲ್ಲದು. ತಮ್ಮದೇ ಮಕ್ಕಳನ್ನು ಹೆರುವ ಆಸೆ ಇರುವವರು ಆ ಕಾರಣಕ್ಕೆ ಹಿಂಜರಿದರೂ ಅದೇ ಮಾತು. ಆದರೆ ಸೆಳೆತ ಹುಟ್ಟಿ, ಮಾತು ಬೆಳೆದು, ಪರಸ್ಪರ ಹಿತವೆನಿಸಿ, ಆಮೇಲೆ ಆ ಒಂದು ವಿಷಯ ತಿಳಿದ ಕೂಡಲೇ ‘ಜನ ಏನೆಂದಾರು’ ಎಂಬ ಭಯ ಎಲ್ಲವನ್ನೂ ನುಂಗಿದರೆ, ಅದು ಕೇರಿಯ ಹೆಸರು ಕೇಳಿದ ಗಳಿಗೆಯನ್ನೇ ಹೋಲುತ್ತದೆ. ಆಗಲೂ ಒಲ್ಲೆ ಎನ್ನುವ ಹಕ್ಕು ಪೂರ್ಣವಾಗಿಯೇ ಇರುತ್ತದೆ. ಆದರೆ ಅದನ್ನು ‘ನನ್ನ ಒಲವು ಹಾಗಿದೆ’ ಎಂದು ಕರೆದುಕೊಳ್ಳುವುದು ಪ್ರಾಮಾಣಿಕವಲ್ಲ. ಸರ್ಕಾರವೂ ಇಲ್ಲಿ ತನ್ನ ಮಿತಿಯನ್ನು ಅರಿತಿದೆ ಎಂಬುದು ಗಮನಾರ್ಹ. ಕರ್ನಾಟಕದಲ್ಲಿ ಅಂತರ್ಜಾತಿ ವಿವಾಹಕ್ಕೆ ಪ್ರೋತ್ಸಾಹಧನವಿದೆ, ಸ್ವಜಾತಿಯಲ್ಲಿ ಮದುವೆಯಾದವರಿಗೆ ದಂಡವಿಲ್ಲ. ದಂಡ ಇರುವುದೂ ಬೇಡ.

ಇಲ್ಲಿಯವರೆಗೆ ನಾನು ಮಾತನಾಡಿದ್ದು ಒಲ್ಲೆ ಎನ್ನುವವರ ಬಗ್ಗೆ. ಪಶ್ಚಿಮದ ಇಡೀ ವಾಗ್ವಾದ ಅವರ ಸುತ್ತಲೇ ಸುತ್ತುತ್ತದೆ. ಅದನ್ನು ಹಾಗೆಯೇ ತಂದು ನಮ್ಮ ಅಂಗಳದಲ್ಲಿ ನೆಟ್ಟರೆ ನಮ್ಮ ಮುಖ್ಯ ಸಮಸ್ಯೆ ಕಣ್ಮರೆಯಾಗುತ್ತದೆ. ನಮ್ಮಲ್ಲಿ ಕಟಕಟೆಯಲ್ಲಿ ನಿಲ್ಲುವವರು ಒಪ್ಪಿದೆ ಎಂದವರು. ಇದು ಹೊಸದೇನಲ್ಲ. ಕಲ್ಯಾಣದಲ್ಲಿ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆಯಾದಾಗ ಎಳೆಹೂಟೆಯ ಶಿಕ್ಷೆಗೆ ಗುರಿಯಾದವರು ಸಂಬಂಧಕ್ಕೆ ಒಪ್ಪಿದ ತಂದೆಯರು ಎಂದು ನಮ್ಮ ಪರಂಪರೆ ನೆನಪಿಟ್ಟುಕೊಂಡಿದೆ.

2018ರ ಅಕ್ಟೋಬರ್ 31ರಂದು ತೂತ್ತುಕುಡಿಯ ದೇವಸ್ಥಾನವೊಂದರಲ್ಲಿ ಒಬ್ಬ ಯುವಕ ಮತ್ತು ಒಬ್ಬ ಟ್ರಾನ್ಸ್ ಮಹಿಳೆ ಮದುವೆಯಾದರು. ಇಬ್ಬರೂ ಹಿಂದೂಗಳು, ಇಬ್ಬರೂ ವಯಸ್ಕರು, ಇಬ್ಬರಿಗೂ ಒಪ್ಪಿಗೆ. ಅಲ್ಲಿ ಪ್ರಶ್ನೆ ಎತ್ತಿದ್ದು ಮದುವೆಗಳನ್ನು ನೋಂದಾಯಿಸುವ ಕಚೇರಿ. ನೋಂದಣಿಯನ್ನು ಅದು ನಿರಾಕರಿಸಿತು, ಮೇಲಧಿಕಾರಿ ಅದನ್ನೇ ಎತ್ತಿಹಿಡಿದರು. ಮದುವೆಯ ದಿನದ ಹೆಂಗಸಿಗೆ ಮಾತ್ರ ವಧು ಎನ್ನುತ್ತಾರೆ ಎಂದು ಸರ್ಕಾರದ ಪರ ವಕೀಲರು ಇಂಗ್ಲಿಷ್ ನಿಘಂಟನ್ನು ಹಿಡಿದು ವಾದಿಸಿದರು. 2019ರ ಏಪ್ರಿಲ್ 22ರಂದು ಮದ್ರಾಸ್ ಹೈಕೋರ್ಟಿನ ಮದುರೈ ಪೀಠದ ನ್ಯಾಯಮೂರ್ತಿ ಜಿ.ಆರ್. ಸ್ವಾಮಿನಾಥನ್ ಅವರು ಅರುಣ್ ಕುಮಾರ್ ಪ್ರಕರಣವೆಂದು ಹೆಸರಾದ ತೀರ್ಪಿನಲ್ಲಿ, ಹಿಂದೂ ವಿವಾಹ ಕಾಯ್ದೆಯ ವಧು ಎಂಬುದರೊಳಗೆ ಟ್ರಾನ್ಸ್ ಮಹಿಳೆಯೂ ಬರುತ್ತಾಳೆ ಎಂದು ಹೇಳಿ ನೋಂದಣಿಗೆ ಆದೇಶಿಸಿದರು. 2023ರ ಅಕ್ಟೋಬರ್ 17ರಂದು ಸಲಿಂಗ ವಿವಾಹದ ಮಾನ್ಯತೆಯನ್ನು ನಿರಾಕರಿಸಿದ ಸುಪ್ರಿಯೋ ತೀರ್ಪಿನಲ್ಲಿಯೂ, ಗಂಡುಹೆಣ್ಣಿನ ಸಂಬಂಧದಲ್ಲಿರುವ ಟ್ರಾನ್ಸ್ ವ್ಯಕ್ತಿಗಳಿಗೆ ಈಗಿರುವ ಕಾನೂನುಗಳಡಿಯಲ್ಲಿಯೇ ಮದುವೆಯ ಹಕ್ಕಿದೆ ಎಂಬ ಒಂದು ಅಂಶದ ಬಗ್ಗೆ ಐವರು ನ್ಯಾಯಮೂರ್ತಿಗಳಲ್ಲಿ ಭಿನ್ನಾಭಿಪ್ರಾಯ ಇರಲಿಲ್ಲ. ಹಾಗೆಂದರೆ ಟ್ರಾನ್ಸ್ ಮಹಿಳೆಯನ್ನು ಮದುವೆಯಾಗುವ ಗಂಡಸಿಗೆ ಕಾನೂನು ದಾರಿ ಬಿಟ್ಟಿದೆ, ಟ್ರಾನ್ಸ್ ಮಹಿಳೆಯೊಂದಿಗೆ ಬಾಳಬಯಸುವ ಲೆಸ್ಬಿಯನ್ ಮಹಿಳೆಗೆ ಬಿಟ್ಟಿಲ್ಲ. ಬ್ರಿಟನ್ನಿನ ವಾದದಲ್ಲಿ ಕೇಂದ್ರದಲ್ಲಿರುವ ಜೋಡಿ ನಮ್ಮ ಕಾನೂನಿನ ಕಣ್ಣಿಗೆ ಬೀಳುವುದೇ ಇಲ್ಲ.

ಕಾನೂನಿಗಿಂತ ಗಟ್ಟಿಯಾದದ್ದು ರೂಢಿ. ಉತ್ತರ ಕರ್ನಾಟಕದಲ್ಲಿ ಸವದತ್ತಿ ಯಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ಜೋಗಪ್ಪ, ಜೋಗತಿಯರಿಗೆ ಒಂದು ಸ್ಥಾನವಿದೆ. ಮನೆಬಾಗಿಲಿಗೆ ಬಂದರೆ ಪಡಿ ನೀಡುತ್ತಾರೆ, ಕಾಲಿಗೆ ಬೀಳುತ್ತಾರೆ, ಹರಕೆಯ ಕಾರ್ಯಗಳಿಗೆ ಕರೆಯುತ್ತಾರೆ. ಆ ಪರಂಪರೆಯಿಂದ ಬಂದ ಮಂಜಮ್ಮ ಜೋಗತಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಇವೆಲ್ಲ ಹೆಮ್ಮೆಯ ವಿಷಯಗಳು. ಆದರೆ ದೇವಿಗೆ ಮೀಸಲಾದವರೆಂಬ ಗೌರವಕ್ಕೆ ಒಂದು ಷರತ್ತಿದೆ: ಅವರು ಯಾರನ್ನೂ ಬಯಸಬಾರದು, ಅವರನ್ನೂ ಯಾರೂ ಬಯಸಬಾರದು. ನಮ್ಮ ಸಮಾಜ ಲಿಂಗತ್ವ ಅಲ್ಪಸಂಖ್ಯಾತರಿಗೆ ಪೂಜೆಯಲ್ಲಿ ಜಾಗ ಕೊಟ್ಟಿದೆ, ಭಿಕ್ಷೆಯಲ್ಲಿ ಕೊಟ್ಟಿದೆ, ಈಚೆಗೆ ಸರ್ಕಾರಿ ನೌಕರಿಯಲ್ಲಿಯೂ ಕೊಟ್ಟಿದೆ. 2021ರಲ್ಲಿ ಕರ್ನಾಟಕ ಸಿವಿಲ್ ಸೇವೆಗಳ ನೇಮಕಾತಿ ನಿಯಮಗಳಿಗೆ ತಿದ್ದುಪಡಿ ತಂದು ಶೇ. 1ರ ಮೀಸಲಾತಿಯನ್ನು ಒದಗಿಸಿದ ಮೊದಲ ರಾಜ್ಯ ನಮ್ಮದು. ಪ್ರೀತಿಸಲ್ಪಡುವವರ ಸಾಲಿನಲ್ಲಿ ಮಾತ್ರ ಜಾಗವಿಲ್ಲ.

ಬಯಸುವವರು ಇಲ್ಲವೆಂದಲ್ಲ. ಟ್ರಾನ್ಸ್ ಮಹಿಳೆಯರನ್ನು ಬಯಸುವ, ಸಮುದಾಯದ ಒಳಗೆ ‘ಪಂತಿ’ ಎಂದು ಕರೆಯಲಾಗುವ ಗಂಡಸರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಅವರಲ್ಲಿ ಮನೆಯಲ್ಲಿ ಹೆಂಡತಿ ಮಕ್ಕಳಿರುವವರಿದ್ದಾರೆ, ಜಾತ್ರೆಯ ಹಣ ಎತ್ತುವ ಮುಂದಾಳುಗಳಿದ್ದಾರೆ. ಕತ್ತಲಾದ ಮೇಲೆ ಬರುವ ಈ ಗಂಡಸು ಬೆಳಗಿನ ಹೊತ್ತು ಬಸ್ ನಿಲ್ದಾಣದಲ್ಲಿ ಅವಳ ಪಕ್ಕದಲ್ಲಿ ನಿಲ್ಲುವುದಿಲ್ಲ. ಸಮೀಕ್ಷಕರು ಬಂದು ‘ಟ್ರಾನ್ಸ್ ಸಂಗಾತಿಯನ್ನು ಪರಿಗಣಿಸುತ್ತೀರಾ’ ಎಂದು ಕೇಳಿದರೆ ಅವನು ಇಲ್ಲ ಎಂದೇ ಬರೆಯುತ್ತಾನೆ. ಅವನ ಒಲವು ಏನೆಂದು ಅವನಿಗೆ ಗೊತ್ತಿದೆ, ಹೇಳುವ ಧೈರ್ಯ ಇಲ್ಲ. ಮನೆಯವರು ಹೆಣ್ಣು ನೋಡಿದಾಗ ಅವನು ಒಪ್ಪಿಕೊಂಡು ಹೊರಟುಬಿಡುತ್ತಾನೆ. ಹೀಗಾಗಿ ನಮ್ಮಲ್ಲಿ ಟ್ರಾನ್ಸ್ ಮಹಿಳೆಯ ಪ್ರೇಮಜೀವನದ ಮುಖ್ಯ ದುಃಖ ಯಾರಿಗೂ ಬೇಡವಾದದ್ದು ಎಂದು ಹೇಳುವುದು ಪೂರ್ತಿ ಸರಿಯಲ್ಲ. ಹಗಲಿನಲ್ಲಿ ಯಾರಿಗೂ ಬೇಡವಾದದ್ದು ಎಂದರೆ ಸರಿಯಾದೀತು. ಟ್ರಾನ್ಸ್ ಹೋರಾಟಗಾರ್ತಿ ಅಕ್ಕೈ ಪದ್ಮಶಾಲಿ ಅವರು ಬೆಂಗಳೂರಿನಲ್ಲಿ ತಮ್ಮ ಮದುವೆಯನ್ನು ನೋಂದಾಯಿಸಿಕೊಂಡದ್ದು ಪತ್ರಿಕೆಗಳಿಗೆ ಸುದ್ದಿಯಾದದ್ದೇ ಇದಕ್ಕೆ ಸಾಕ್ಷಿ. ನಮ್ಮ ನಿಮ್ಮ ಮದುವೆ ನೋಂದಣಿಯ ಸುದ್ದಿಯನ್ನು ಯಾವ ಪತ್ರಿಕೆ ಹಾಕುತ್ತದೆ?

ಆದ್ದರಿಂದ ಕರ್ನಾಟಕದಲ್ಲಿ ಈ ವಿಷಯದ ಚರ್ಚೆ ನಡೆಯುವಾಗ ನಾನು ಕೇಳಿಕೊಳ್ಳುವುದು ಇಷ್ಟು. ಟ್ರಾನ್ಸ್ ವ್ಯಕ್ತಿಯನ್ನು ಒಲ್ಲದ ಯುವಕ ಯುವತಿಯರನ್ನು ಹಿಡಿದು ಏಕೆ ಒಲ್ಲೆ ಎಂದು ಪೀಡಿಸುವುದನ್ನು ಬಿಡೋಣ. ಒಲಿದವರಿಗೆ ಮನೆ ಬಾಡಿಗೆಗೆ ಕೊಡದ ಮಾಲೀಕರನ್ನು, ಮಗನನ್ನು ಹೊರಹಾಕುವ ತಂದೆಯನ್ನು, ಕಡತವನ್ನು ತಿರುಗಿಸಿ ಕಳಿಸುವ ಗುಮಾಸ್ತರನ್ನು ಹಿಡಿದು ಏಕೆ ಎಂದು ಕೇಳೋಣ. ಒಲ್ಲದವರಿಗೆ ಆ ಹಕ್ಕು ಈಗಾಗಲೇ ಇದೆ, ಇನ್ನೂ ಭದ್ರವಾಗಲಿ.

ಉಪನ್ಯಾಸದ ಕೊನೆಯಲ್ಲಿ ಒಬ್ಬ ವಿದ್ಯಾರ್ಥಿ ಕೇಳಿದ ಪ್ರಶ್ನೆ ಹೀಗಿತ್ತು: ‘ಟ್ರಾನ್ಸ್ ವ್ಯಕ್ತಿ ತನ್ನ ವಿಷಯವನ್ನು ಮುಚ್ಚಿಟ್ಟು ಸಂಬಂಧ ಬೆಳೆಸಿದರೆ ಅದು ಮೋಸವಲ್ಲವೇ? ಯಾವಾಗ ಹೇಳಬೇಕು?’

ಇದು ನ್ಯಾಯವಾದ ಪ್ರಶ್ನೆ, ಜಾರಿಕೊಳ್ಳುವಂತಿಲ್ಲ. ಮದುವೆಗೆ ಮೊದಲು ಹೇಳಲೇಬೇಕು. ಹಿಂದೂ ವಿವಾಹ ಕಾಯ್ದೆಯ 12ನೆಯ ಕಲಮಿನ ಪ್ರಕಾರ ಸಂಗಾತಿಯ ಕುರಿತ ಮುಖ್ಯ ಸಂಗತಿಯೊಂದನ್ನು ವಂಚನೆಯಿಂದ ಮರೆಮಾಚಿ ಒಪ್ಪಿಗೆ ಪಡೆದಿದ್ದರೆ, ಅದು ತಿಳಿದ ಒಂದು ವರ್ಷದೊಳಗೆ ಮದುವೆಯನ್ನು ರದ್ದುಪಡಿಸುವಂತೆ ಕೋರಬಹುದು. ಅದು ಟ್ರಾನ್ಸ್ ವ್ಯಕ್ತಿಗಳಿಗಾಗಿ ಬರೆದ ಕಲಂ ಅಲ್ಲ, ಎಲ್ಲರಿಗೂ ಅನ್ವಯಿಸುವಂಥದ್ದು. ದೈಹಿಕ ಸಂಬಂಧಕ್ಕೆ ಮೊದಲೂ ಹೇಳುವುದು ಲೇಸು ಎಂಬುದು ನನ್ನ ಅಭಿಪ್ರಾಯ. ಒಪ್ಪಿಗೆ ಎಂಬುದು ತಿಳಿದು ಕೊಟ್ಟದ್ದಾದರೆ ಇಬ್ಬರಿಗೂ ನೆಮ್ಮದಿ. ಆದರೆ ಮೊದಲ ದಿನದ ಕಾಫಿಯ ಮೇಜಿನಲ್ಲಿಯೇ ತನ್ನ ವೈದ್ಯಕೀಯ ಚರಿತ್ರೆಯನ್ನು ಒಪ್ಪಿಸು ಎಂದು ಯಾರನ್ನೂ ಕೇಳುವಂತಿಲ್ಲ. ಹೇಳಿದ ಮೇಲೆ ಎದುರಿನವರು ಸುಮ್ಮನೆ ಎದ್ದು ಹೋಗುತ್ತಾರೋ, ಕೈಯೆತ್ತುತ್ತಾರೋ, ಊರಿಗೆಲ್ಲ ಸಾರುತ್ತಾರೋ ಎಂಬುದು ಹೇಳುವವರಿಗೆ ಗೊತ್ತಿರುವುದಿಲ್ಲ. ಸ್ಥಳವನ್ನೂ ಸಮಯವನ್ನೂ ಆರಿಸಿಕೊಳ್ಳುವ ಸ್ವಾತಂತ್ರ್ಯ ಅವರಿಗಿರಬೇಕು. ಜನರಿರುವ ಜಾಗದಲ್ಲಿ ಹೇಳಿ, ಒಬ್ಬ ಗೆಳತಿಗೆ ತಿಳಿಸಿ ಹೋಗಿ ಎಂದು ಸಮುದಾಯದ ಹಿರಿಯರು ಕಿರಿಯರಿಗೆ ಹೇಳಿಕೊಡುವುದು ಅನುಭವದಿಂದ.

ಇನ್ನು ಮೋಸದ ಮಾತು. ಪ್ರಶ್ನೆ ಕೇಳಿದ ತರುಣ ಒಂದು ಕಡೆಯ ಮೋಸವನ್ನು ಮಾತ್ರ ಊಹಿಸಿಕೊಂಡಿದ್ದ. ತನಗೆ ಮದುವೆಯಾಗಿದೆ ಎಂಬುದನ್ನು ಮುಚ್ಚಿಟ್ಟ ಗಂಡಸು, ಮದುವೆಯಾಗುತ್ತೇನೆಂದು ನಂಬಿಸಿ ವರ್ಷಗಟ್ಟಲೆ ಟ್ರಾನ್ಸ್ ಮಹಿಳೆಯ ದುಡಿಮೆಯಲ್ಲಿ ಬದುಕಿ ಹೊರಟುಹೋದ ಗಂಡಸು ಅವನ ಲೆಕ್ಕದಲ್ಲಿ ಇರಲಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 69ನೆಯ ಕಲಂ, ಈಡೇರಿಸುವ ಉದ್ದೇಶವಿಲ್ಲದೆ ಮದುವೆಯ ಮಾತು ಕೊಟ್ಟು ಮಹಿಳೆಯೊಂದಿಗೆ ಸಂಬಂಧ ಬೆಳೆಸಿದವನಿಗೆ ಹತ್ತು ವರ್ಷಗಳವರೆಗೆ ಸೆರೆವಾಸ ವಿಧಿಸುತ್ತದೆ. ಆದರೆ ಅದೇ ಸಂಹಿತೆ ಮಹಿಳೆ ಎಂಬುದನ್ನೂ ಟ್ರಾನ್ಸ್‌ಜೆಂಡರ್ ಎಂಬುದನ್ನೂ ಬೇರೆಬೇರೆಯಾಗಿ ಹೆಸರಿಸಿದೆ, ಮೋಸಹೋದ ಟ್ರಾನ್ಸ್ ಮಹಿಳೆ ಆ ಕಲಮಿನ ಆಶ್ರಯ ಕೇಳಹೋದರೆ ಮೊದಲು ತಾನು ಮಹಿಳೆ ಎಂದು ವಾದಿಸಿ ಗೆಲ್ಲಬೇಕು. ಅವಳಿಗಾಗಿಯೇ ಎಂದು ಮಾಡಿದ 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣೆ ಕಾಯ್ದೆಯ 18ನೆಯ ಕಲಂ ಲೈಂಗಿಕ ದೌರ್ಜನ್ಯಕ್ಕೆ ವಿಧಿಸಿದ ಶಿಕ್ಷೆ ಕನಿಷ್ಠ ಆರು ತಿಂಗಳು, ಗರಿಷ್ಠ ಎರಡು ವರ್ಷ.